ನೂರಿಪ್ಪತ್ತೇಳು ಡಿಗ್ರಿ ಜ್ವರದ ಸರ್ವರ್

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವ ಜಾಗ ಒಂದೇ ಒಂದು, ಮೆಟ್ಟಿಲ ಕೆಳಗಿನ ಗೂಡು. ಅಲ್ಲಿ ನಮ್ಮ ಕಂಪನಿಯ ಲಿನಕ್ಸ್ ಸರ್ವರ್ ಇದೆ. ಕಚೇರಿ ಬೇರೆ ಕಟ್ಟಡಕ್ಕೆ ಹೋದಾಗ, "ನಮ್ಮ ಮನೇಲಿರಲಿ ಸಾರ್, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದು ಎದೆಯುಬ್ಬಿಸಿ ತಂದವನು ನಾನೇ. ಅದರ ನೆಪದಲ್ಲಿ ಆರು ತಿಂಗಳಿಂದ ಬನಿಯನ್ನಿನಲ್ಲೇ ಉದ್ಯೋಗ ನಡೆಸುತ್ತಿದ್ದೇನೆ. ಗೂಡಿನ ಆಚೆಗೆಲ್ಲ ನನ್ನ ಹೆಂಡತಿಯ ಸಾಮ್ರಾಜ್ಯ. ಅವಳು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ನಲವತ್ತು ಹಾಸಿಗೆಯ ವಾರ್ಡನ್ನು ಹುಬ್ಬಿನಲ್ಲೇ ಆಳುವವಳಿಗೆ ಒಬ್ಬ ಗಂಡ ಯಾವ ಲೆಕ್ಕ?

ಹೋದ ಭಾನುವಾರ ಬೆಳಿಗ್ಗೆ ನನಗೊಂದು ಸದ್ಬುದ್ಧಿ ಹುಟ್ಟಿತು. ಸೆಖೆ ಏರುತ್ತಿದೆಯಲ್ಲ, ಯಂತ್ರದ ಮೈಬಿಸಿ ಅಳೆಯುವ ಸೆನ್ಸರ್ ಪ್ರೋಗ್ರಾಂ ಹಾಕಿದೆ. ಅದು "ಈ ಚಿಪ್ ಹುಡುಕಲೇ, ಆ ಚಿಪ್ ಹುಡುಕಲೇ" ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಎಂದೆ. (ಮದುವೆಯಾಗಿ ಹದಿನೆಂಟು ವರ್ಷವಾಯಿತು, ಬೇರೆ ಉತ್ತರ ಬಾಯಿಗೆ ಬರುವುದಿಲ್ಲ.) ಯಾವ ಸೆನ್ಸರ್ ತೊಂಬತ್ತು ಡಿಗ್ರಿ ದಾಟಿದರೂ ಸರ್ವರ್ ತಾನಾಗಿ ಬಂದ್ ಆಗುವಂತೆ ಸ್ಕ್ರಿಪ್ಟ್ ಎಂಬ ನಾಲ್ಕು ಸಾಲಿನ ಆಜ್ಞೆಯನ್ನೂ ಬರೆದಿಟ್ಟೆ.

ಬೆನ್ನು ತಟ್ಟಿಕೊಳ್ಳುವ ಮೊದಲೇ ಸರ್ವರ್ ಬಂದ್ ಆಯಿತು. ಎಬ್ಬಿಸಿದೆ. ಐದು ನಿಮಿಷಕ್ಕೆ ಮತ್ತೆ ಬಂದ್. ಪರದೆಯಲ್ಲಿ ಮೂರು ಸೆನ್ಸರ್ ಕಾಣಿಸುತ್ತಿದ್ದವು. ಒಂದು ಅರವತ್ತು ಅನ್ನುತ್ತಿತ್ತು, ಇನ್ನೊಂದು ನಲವತ್ತೈದು, ಮೂರನೆಯದು ನೂರಿಪ್ಪತ್ತೇಳು. ಅಷ್ಟರಲ್ಲಿ ಕಂಪನಿಯ ಸಾಹೇಬರ ಫೋನ್, ಸರ್ವರ್ ಮಲಗಿದ್ದು ಅವರಿಗೂ ಗೊತ್ತಾಗಿತ್ತು.

"ನಾಳೆ ಒಂಬತ್ತಕ್ಕೆ ಸರ್ವರ್ ಎದ್ದಿರಬೇಕು. ಇಲ್ಲಾಂದ್ರೆ ಅದೂ ಆಫೀಸಿಗೆ ವಾಪಸ್, ನೀವೂ ವಾಪಸ್."

ಆಫೀಸೆಂದರೆ ಎರಡು ಬಸ್ಸು, ಇಸ್ತ್ರಿ ಮಾಡಿದ ಅಂಗಿ, ಎದುರಿಗೇ ಸಾಹೇಬರು. ಸರ್ವರನ್ನು ಹೇಗಾದರೂ ತಂಪು ಮಾಡಲೇಬೇಕಿತ್ತು. ಮನೆಯಲ್ಲಿ ಏಸಿ ಇರುವುದು ಅತ್ತೆಯ ಕೋಣೆಯಲ್ಲಿ ಮಾತ್ರ.

"ಅತ್ತೆ, ಸ್ವಲ್ಪ ಹೊತ್ತು ಹೊರಗೆ ಕೂತ್ಕೋತೀರಾ? ಸರ್ವರ್‌ಗೆ ತುಂಬಾ ಬಿಸಿ ಏರಿದೆ."

"ಕೂತ್ಕೋತೀನಿ ಅಳಿಯಂದ್ರೇ. ನನಗೆ ಜ್ವರ ಬಂದಾಗ ಏಸಿ ಬೇಡ, ಕಿಟಕಿ ತೆಗೀರಿ ಅಂದಿದ್ರಿ" ಎಂದು ಅವರು ದಿಂಬು ಹಿಡಿದು ಹೊರನಡೆದರು.

ಸರ್ವರನ್ನು ಅತ್ತೆಯ ಮಂಚದ ಮೇಲೆ ಮಲಗಿಸಿ, ಎರಡೂ ಪಕ್ಕೆಗೆ ಟವೆಲಿನಲ್ಲಿ ಸುತ್ತಿದ ಐಸಿನ ಚೀಲ ಇಟ್ಟು, ತಲೆಯ ಕಡೆ ಟೇಬಲ್ ಫ್ಯಾನ್ ತಿರುಗಿಸಿದೆ. ಮತ್ತೆ ನೂರಿಪ್ಪತ್ತೇಳು, ಮತ್ತೆ ಬಂದ್. ಇಣುಕಿ ನೋಡಿದ ಅತ್ತೆ ತಮ್ಮ ನೀರಿನ ಲೋಟವನ್ನು ಅದರ ನೆತ್ತಿಯ ಮೇಲಿಟ್ಟು, ಹತ್ತು ನಿಮಿಷ ಬಿಟ್ಟು ಕುಡಿದರು.

"ತಣ್ಣಗೇ ಇದೆಯಲ್ಲ. ನೂರು ಡಿಗ್ರಿಗೆ ನೀರು ಕುದಿಯುತ್ತೆ ಅಂತ ನಮ್ಮ ಮೇಷ್ಟ್ರು ಹೇಳ್ತಿದ್ರು."

"ಅತ್ತೆ, ಇದು ಕಂಪ್ಯೂಟರ್ ಡಿಗ್ರಿ. ನಿಮಗೆ ಗೊತ್ತಾಗಲ್ಲ."

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ಹೆಂಡತಿ ಹಜಾರದಲ್ಲಿ ಬೆವರುತ್ತಿದ್ದ ತಾಯಿಯನ್ನು ನೋಡಿದಳು, ಮಂಚದ ಮೇಲೆ ತಂಪಾಗಿದ್ದ ಸರ್ವರನ್ನು ನೋಡಿದಳು. ಬೈಯಲಿಲ್ಲ. (ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.) ನಡೆದದ್ದನ್ನೆಲ್ಲ ನನ್ನಿಂದ ಕೇಳಿ, ಚೀಲದಿಂದ ಆಸ್ಪತ್ರೆಯ ಜ್ವರದ ಚಾರ್ಟ್ ತೆಗೆದಳು.

"ಆ ಸ್ಕ್ರಿಪ್ಟ್ ನಿಲ್ಲಿಸಿ."

"ಸುಟ್ಟುಹೋದ್ರೆ?"

"ಪೇಷಂಟನ್ನ ಗಳಿಗೆಗೊಂದ್ಸಲ ಪ್ರಜ್ಞೆ ತಪ್ಪಿಸಿದ್ರೆ ಜ್ವರ ಹೇಗ್ರೀ ನೋಡೋದು? ನಿಲ್ಲಿಸಿ ಅಂದೆ."

ನಿಲ್ಲಿಸಿದೆ. ಅವಳು ಅರ್ಧ ಗಂಟೆಗೊಮ್ಮೆ ಬಂದು ಮೂರೂ ಅಂಕಿ ಬರೆದುಕೊಂಡಳು. ಒಮ್ಮೆ ಐಸ್ ತೆಗೆಸಿದಳು, ಒಮ್ಮೆ ಏಸಿ ಆರಿಸಿದಳು. ಚಾರ್ಟಿನಲ್ಲಿ ಬೇರೆ ಅಂಕಣಗಳನ್ನೂ ಖಾಲಿ ಬಿಡಲಿಲ್ಲ. ಉಸಿರಾಟ: ಫ್ಯಾನ್ ಸದ್ದು ಸಮನಾಗಿದೆ. ಮೂತ್ರ: ಇಲ್ಲ. ಸಂಬಂಧಿಕರು: ಗಾಬರಿಯಲ್ಲಿದ್ದಾರೆ.

ಸಂಜೆ ಐದಕ್ಕೆ ಚಾರ್ಟನ್ನು ನನ್ನ ಮುಂದೆ ಹಿಡಿದಳು. ಎರಡು ಗೆರೆಗಳು ಏರಿಳಿದಿದ್ದವು. ಮೂರನೆಯದು ಸ್ಕೇಲಿಟ್ಟು ಎಳೆದಷ್ಟು ನೇರವಾಗಿತ್ತು.

"ಐಸ್ ಇಟ್ರೂ ನೂರಿಪ್ಪತ್ತೇಳು, ತೆಗೆದ್ರೂ ನೂರಿಪ್ಪತ್ತೇಳು. ವಾರ್ಡಲ್ಲಿ ಇಂಥ ಜ್ವರ ಕಂಡ್ರೆ ನಾವು ಪೇಷಂಟನ್ನ ನೋಡಲ್ಲ. ಥರ್ಮಾಮೀಟರ್ ಕಂಕುಳಲ್ಲಿದೆಯೋ ಇಲ್ವೋ ಅಂತ ನೋಡ್ತೀವಿ."

ಬೋರ್ಡಿನ ಕೈಪಿಡಿ ತೆಗೆದೆ. ಮೂರನೆಯ ಜಾಗದಲ್ಲಿ ಸೆನ್ಸರನ್ನೇ ಕೂರಿಸಿರಲಿಲ್ಲ. ಅಳೆಯಲು ಏನೂ ಇಲ್ಲದ ಚಿಪ್ ತನಗೆ ಗೊತ್ತಿದ್ದ ಅತಿ ದೊಡ್ಡ ಅಂಕಿಯನ್ನು ಹೇಳುತ್ತ ಕೂತಿತ್ತು. ಆ ಮೂರನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಸೆನ್ಸರ್ ಪ್ರೋಗ್ರಾಮಿನ ಕಡತದಲ್ಲಿ ಒಂದು ಶಬ್ದ ಸೇರಿಸಿದೆ. ಸ್ಕ್ರಿಪ್ಟ್ ಮತ್ತೆ ಹಾಕಿದರೂ ಸರ್ವರ್ ಜಪ್ಪಯ್ಯ ಅಂದರೂ ಬಂದ್ ಆಗಲಿಲ್ಲ. ಬನಿಯನ್ ಉಳಿಯಿತು ಎಂದು ನನಗೆ ಹಿಡಿಸಲಾರದ ಖುಷಿ.

ಆ ಖುಷಿಯಲ್ಲೇ ಸಾಹೇಬರಿಗೆ "ಏಳು ಗಂಟೆಗಳ ನನ್ನ ಸ್ವಂತ ಉಷ್ಣ ವಿಶ್ಲೇಷಣೆ" ಎಂಬ ತಲೆಬರಹದಲ್ಲಿ ವರದಿ ಕಳಿಸಿದೆ. ಪುರಾವೆಗಿರಲಿ ಎಂದು ಚಾರ್ಟಿನ ಫೋಟೋವನ್ನೂ ಲಗತ್ತಿಸಿದೆ. ಕೊನೆಯ ಸಾಲು ಓದಿರಲಿಲ್ಲ. ಸಾಹೇಬರು ಓದಿದರು: "ಪೇಷಂಟ್ ಆರೋಗ್ಯವಾಗಿದೆ. ತೊಂದರೆ ಜೊತೆಗಿರುವವರದು. ಇವರನ್ನು ಒಂಟಿಯಾಗಿ ಬಿಡಬಾರದು." ಕೆಳಗೆ ಸಹಿ, ಮೊಹರು.

ಹತ್ತು ನಿಮಿಷದಲ್ಲಿ ಫೋನ್ ಬಂತು. "ಸಿಸ್ಟರ್‌ಗೆ ಕೊಡಿ" ಎಂದರು. ಅರ್ಧ ಗಂಟೆ ಮಾತಾಡಿದರು. ಈಗ ನಾನು ಸರ್ವರ್ ಮುಟ್ಟಬೇಕಾದರೆ ಅವಳ ಸಹಿ ಬೇಕು. ಮೆಟ್ಟಿಲ ಕೆಳಗಿನ ಆ ಗೂಡೂ ಸಾಮ್ರಾಜ್ಯಕ್ಕೆ ಸೇರಿಹೋಯಿತು.

ಬೇಸರಕ್ಕೆ ನಿನ್ನೆ "ತಲೆನೋವು ಸಾರ್, ಒಂದು ದಿನ ರಜೆ ಕೊಡಿ" ಎಂದು ಸಾಹೇಬರನ್ನು ಕೇಳಿದೆ. "ಸಿಸ್ಟರ್ ಏನಂತಾರೆ?" ಎಂದರು. ಕೇಳಿದೆ. ಅವಳು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟು, ಎರಡು ನಿಮಿಷ ಕಾದು, ಬೆಳಕಿಗೆ ಹಿಡಿದು ನೋಡಿ, ಹೊಸ ಚಾರ್ಟಿನಲ್ಲಿ ಬರೆದಳು: "ಜ್ವರ ಇಲ್ಲ. ಕೆಲಸ ಮಾಡಬಹುದು."