ಮೊದಲು ಹಸು, ಆಮೇಲೆ ಗಂಡ

ಹಿಂದೆ ಮನೆಗೆ ತಂತಿ ಬಂದರೆ ಎಲ್ಲೋ ಯಾರೋ ಹೋದರೆಂದು ಅರ್ಥ. ನಮ್ಮ ಹಳ್ಳಿಗೆ ಬಂದ ತಂತಿಗೆ ಮುಳ್ಳೂ ಇತ್ತು, ಹೋದದ್ದು ಅರ್ಧ ಊರು. ಆ ಕಡೆಯ ಸಿಪಾಯಿಗಳು ನಮ್ಮ ಹುಲ್ಲುಗಾವಲಿನ ನಡುವೆ ಅದನ್ನು ಎಳೆದು, ಆಚೆಗಿರುವುದು ಬೇರೆ ದೇಶವೆಂದು ಹಲಗೆ ನೆಟ್ಟರು. ಅದೂ ಜಾರ್ಜಿಯಾವೇ ಎಂದು ನಾವು, ಅಲ್ಲವೆಂದು ಅವರು. ಇಗರ್ಜಿ ನಮ್ಮ ಪಾಲಿಗೆ, ಸ್ಮಶಾನ ಅವರ ಪಾಲಿಗೆ. (ಇನ್ನು ಸಾಯುವುದಕ್ಕೂ ಪಾಸ್‌ಪೋರ್ಟ್ ಬೇಕು.)

ಈ ಅಂತಾರಾಷ್ಟ್ರೀಯ ವ್ಯವಹಾರ ನಮ್ಮ ಹಸು ಜುಜುನಾಳಿಗೆ ಮಾತ್ರ ತಿಳಿಯಲಿಲ್ಲ. ತೊರೆಯ ಬಳಿ ತಂತಿ ಎಳೆಯುವುದು ಇನ್ನೂ ಬಾಕಿಯಿತ್ತು, ಅಲ್ಲಿಂದ ದಾಟಿದಳು. ಒಂದು ಲೋಟ ಎತ್ತಿಡು ಎಂದರೆ ಸಂಜೆಯವರೆಗೆ ಯೋಚಿಸುವ ನನ್ನ ಗಂಡ ಶಕ್ರೋ, ಅಂದು ನನಗೂ ಹೇಳದೆ ಅವಳ ಹಿಂದೆ ಓಡಿದ. ಸಿಪಾಯಿಗಳು ಇಬ್ಬರನ್ನೂ ಹಿಡಿದುಕೊಂಡು ಹೋದರು. ತಂತಿಯಾಚೆಯ ಮನೆಯ ಮಾರ್ಗೋ ಅಜ್ಜಿ ಬೇಲಿಗೆ ಬಂದು ಸುದ್ದಿ ಹೇಳಿದಾಗ, ರೊಟ್ಟಿಗೆ ಕಲಸುತ್ತಿದ್ದ ಹಿಟ್ಟು ನನ್ನ ಕೈಯಲ್ಲೇ ಒಣಗಿತು.

ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನ ಮಾವ ಉತ್ತ ನೆಲ, ನಾನು ಸಾಕಿದ ಹಸು, ನಾನು ಕಷ್ಟಪಟ್ಟು ತಿದ್ದಿದ ಗಂಡ, ಎಲ್ಲವನ್ನೂ ಯಾರಪ್ಪನ ಆಸ್ತಿಯೆಂದು ಒಯ್ದರು? ತಂತಿಯ ಬಳಿ ನಿಂತು ಎರಡೂ ದೇಶಗಳಿಗೆ ಕೇಳುವಂತೆ ಬೈದೆ. ಬೈಗುಳ ರಾಜಧಾನಿ ತ್ಬಿಲಿಸಿಯವರೆಗೂ ಮುಟ್ಟಿತೋ ಏನೋ, ಮರುದಿನವೇ ಟಿವಿಯವರು ಬಂದು ಮೈಕ್ ಹಿಡಿದರು. ಆ ಕಡೆಯವರಿಗೆ ಏನು ಹೇಳುತ್ತೀರಿ ಎಂದರು.

"ನನ್ನ ಗಂಡನ್ನ ಕೂರಿಸಿದ್ರೆ ಕೂತಿರ್ತಾನೆ, ಹಾಕಿದ್ದು ತಿಂತಾನೆ. ಹಸು ಹಾಗಲ್ಲ. ಎರಡು ಹೊತ್ತೂ ಕರೀಬೇಕು, ಇಲ್ದಿದ್ರೆ ಕೆಚ್ಚಲು ಬಾತ್ಕೊಳ್ಳುತ್ತೆ. ಮೊದ್ಲು ಹಸು ಕಳಿಸ್ಲಿ."

ಆಮೇಲೆ ಶಕ್ರೋನ ಬಗ್ಗೆ ಕಣ್ಣೀರಿಟ್ಟು ಬಹಳ ಮಾತಾಡಿದೆ. ಅವನಿಗೆ ಉಬ್ಬಸವಿದೆ, ಉಣ್ಣೆಯಂಗಿ ಇಲ್ಲದೆ ಮಲಗಲಾರ, ಅವನಿಲ್ಲದ ಮನೆ ನನಗೆ ಮನೆಯಲ್ಲ ಎಂದೆ. ಆ ಪುಣ್ಯಾತ್ಮರು ಅದನ್ನೆಲ್ಲ ಕತ್ತರಿಸಿ ಎಸೆದು, ಹಸುವಿನ ಮಾತನ್ನು ಮಾತ್ರ ದೇಶಕ್ಕೆ ತೋರಿಸಿದರು.

ಮಾರನೆಯ ದಿನ, ಬಿಡುತ್ತಾರಂತೆ ಎಂಬ ಸುದ್ದಿ ಬಂತು. ನಾನು ಒಳ್ಳೆಯ ಶಾಲು ಹೊದ್ದು, ಊರವರ ಜೊತೆ ತಂತಿಬೇಲಿಯ ಗೇಟಿನ ಬಳಿ ನಿಂತೆ. ಜುಜುನಾ ರಾಜಗಾಂಭೀರ್ಯದಿಂದ ಬಂದಳು. ಹಿಂದೆ ಯಾರೂ ಇರಲಿಲ್ಲ.

"ಇವಳ ಹಿಂದೆ ಬಂದವನೆಲ್ಲಿ?" ಎಂದೆ.

"ಅವರಿಗೇನೂ ಅವಸರ ಇಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ," ಎಂದ ಆ ಕಡೆಯ ಅಧಿಕಾರಿ.

ಶಕ್ರೋನನ್ನು ಬಿಟ್ಟದ್ದು ವಾರ ಕಳೆದ ಮೇಲೆ. ಗಲ್ಲ ಒಳಗೆ ಹೋಗಿತ್ತು. ಅವರೆಕಾಳು ತುಂಬಿದ ರೊಟ್ಟಿ, ವೈನು ಎಲ್ಲ ಅವನ ಮುಂದಿಟ್ಟು, ಆ ಸಿಪಾಯಿಗಳ ಹುಟ್ಟನ್ನೇ ಜಾಲಾಡಿದೆ. ಅವನು ತಲೆಯೆತ್ತದೆ ತಿಂದ. ಕೊನೆಗೆ ಲೋಟ ಕೆಳಗಿಟ್ಟ.

"ನೋಡು ಸಿಯೂರಿ, ಅಲ್ಲಿ ಯಾರಿಗೂ ಹಾಲು ಕರೆಯೋಕೆ ಬರ್ತಿರ್ಲಿಲ್ಲ. ಅದಕ್ಕೇ ಜುಜುನಾ ಇರೋವರೆಗೂ ಎರಡು ಹೊತ್ತೂ ನನ್ನ ಆಚೆ ಬಿಡ್ತಿದ್ರು, ಕುಡಿಯೋಕೆ ಹಾಲೂ ಸಿಕ್ತಿತ್ತು. ಆವತ್ತು ನಮ್ಮಿಬ್ರನ್ನೂ ಒಟ್ಟಿಗೇ ಕಳಿಸೋರಿದ್ರು. ಅಷ್ಟರಲ್ಲಿ ಅವರ ಸಾಹೇಬ ಟಿವಿ ಹಾಕ್ದ."

ಮದುವೆಯಾದಂದಿನಿಂದ ಮೊದಲ ಬಾರಿ ನನ್ನ ಬಾಯಿಗೆ ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಾರ್ಗೋ ಅಜ್ಜಿ ಗಾಬರಿಯಿಂದ ತಂತಿಯ ಹತ್ತಿರ ಬಂದು ಶಕ್ರೋನನ್ನು ಕರೆದಳು.

"ನಿಮ್ಮನೇಲಿ ಸದ್ದೇ ಇಲ್ವಲ್ಲಪ್ಪ, ಈ ಸಲ ಅವಳನ್ನ ಹಿಡ್ಕೊಂಡು ಹೋದ್ರಾ?"