ಎಡ ಹಿಂಚಕ್ರದಲ್ಲಿ ಉಳಿದ ಒಂದೇ ಮೊಳೆಯ ಸನ್ನಿಧಿಗೆ

ಮಾನ್ಯರೇ,

ನನ್ನ ಹಳೆಯ ಕಾರಿನ ಎಡ ಹಿಂಚಕ್ರದಲ್ಲಿ ಇಂದಿಗೂ ವಿರಾಜಮಾನರಾಗಿರುವ ತಮಗೆ, ಕುಹ್ಮೋ ಊರಾಚೆಯ ಸರೋವರದ ದಂಡೆಯಿಂದ ಔಲಿಸ್ ಪೀಪ್ಪೊ ಎಂಬ ನಿವೃತ್ತ ಬಡಗಿಯು ಟೋಪಿ ತೆಗೆದು ವಂದಿಸುತ್ತಾನೆ. ಬಲಗೈ ಹೆಬ್ಬೆರಳಿಗೆ ಪಟ್ಟಿ ಕಟ್ಟಿರುವುದರಿಂದ ಟೋಪಿಯನ್ನು ಎಡಗೈಯಲ್ಲಿ ತೆಗೆದದ್ದಕ್ಕೆ ಕ್ಷಮೆಯಿರಲಿ. ತಾವು ಕ್ಷೇಮವೆಂಬುದನ್ನು ಇಕ್ಕಳ ಹಿಡಿದು ಮೂರು ದಿನ ಖುದ್ದಾಗಿ ಪರೀಕ್ಷಿಸಿದ್ದೇನೆ.

ಹಿಮದಲ್ಲಿ ಜಾರದಂತೆ ಚಳಿಗಾಲದ ಟೈರುಗಳಿಗೆ ಕೂರಿಸಿದ ಮೊಳೆಗಳು ಸವೆದಿದ್ದರೂ ರಬ್ಬರು ಗಟ್ಟಿಯಿದೆ, ಮೊಳೆ ಕಿತ್ತರೆ ಅವುಗಳಲ್ಲೇ ಬೇಸಿಗೆಯನ್ನೂ ಕಳೆಯಬಹುದು ಎಂಬ ಜ್ಞಾನೋದಯ ನನಗಾದದ್ದು ಏಪ್ರಿಲ್ ಎರಡನೆಯ ವಾರ, ಸೂರಿನಿಂದ ಮೊದಲ ಹನಿ ತೊಟ್ಟಿಕ್ಕಿದ ಬೆಳಿಗ್ಗೆ. ನಮ್ಮ ಕಡೆಯ ಗಂಡಸರಿಗೆ ಆ ಸದ್ದು ಕೇಳಿದರೆ ಹಿಮಕ್ಕಿಂತ ಮೊದಲು ಬುದ್ಧಿ ಕರಗುತ್ತದೆ. ಹೆಂಡತಿ ಹಿಲ್ಕಾ ಕಾಫಿ ಲೋಟ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತು, "ಭಾನುವಾರ ಮಗಳ ಮಗೂಗೆ ಹೆಸರಿಡೋದಿದೆ ಮಾರಾಯ, ಹಿಂಚಳಿಗಾಲ ಇನ್ನೂ ಬಂದು ಹೋಗಿಲ್ಲ. ಒಂದ್ ವಾರ ಕಾದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದಳು. ಹೊರಟೆನೆಂದು ಹೇಳಿ, ಏನೋ ಮರೆತವರ ಹಾಗೆ ತಿರುಗಿ ಬರುವ ಚಳಿಗಾಲಕ್ಕೆ ನಾವು ಹಾಗೆನ್ನುತ್ತೇವೆ. ಇವಳಿಗೇನು ಗೊತ್ತು ಎಂದುಕೊಂಡೆ. ಇವಳು ಮೂವತ್ತು ವರ್ಷ ಇದೇ ರಸ್ತೆಯಲ್ಲಿ ಶಾಲೆಯ ಬಸ್ಸು ಓಡಿಸಿದವಳು.

ನಮ್ಮ ಮನೆತನದ ಮಕ್ಕಳಿಗೆಲ್ಲ ಹೆಸರಿಡುವ ದಿನ ತೊಡಿಸುವ ಉದ್ದನೆಯ ಬಿಳಿ ಅಂಗಿ ನಮ್ಮ ಬೀರುವಿನಲ್ಲಿದೆ. ಅದನ್ನು ಒಂಬತ್ತು ಕಿಲೋಮೀಟರು ದೂರದ ಚರ್ಚಿಗೆ ತಲುಪಿಸುವ ಹೊಣೆಯೂ, ಪಾದ್ರಿಯ ಮುಂದೆ ಮೊದಲ ಮೊಮ್ಮಗಳನ್ನು ಎತ್ತಿಕೊಳ್ಳುವ ಭಾಗ್ಯವೂ ನನ್ನವಾಗಿದ್ದವು.

ಹೀಗಿದ್ದೂ ನಾನು ಸಾಬೂನು ನೀರು ಹಚ್ಚಿ, ತಿರುಪುಳಿ ತೂರಿಸಿ, ಹಲ್ಲು ಕಚ್ಚಿ ತಮ್ಮ ನಾನೂರ ಹನ್ನೊಂದು ಬಂಧುಗಳನ್ನು ಕಿತ್ತು ಕಾಫಿ ಡಬ್ಬಿಗೆ ತುಂಬಿದೆ. ತಾವೊಬ್ಬರು ಮಾತ್ರ ಕದಲಲಿಲ್ಲ. ಪಕ್ಕದ ಮನೆಯ ಏವರ್ಟ್ ಬೇಲಿಗೆ ಒರಗಿ, "ಅದೊಂದನ್ನ ಬೀಜಕ್ಕೆ ಬಿಟ್ಟಿದ್ದೀಯೇನೋ?" ಎಂದು ಕೇಳಿದ. ಇಕ್ಕಳ ಜಾರಿ ನನ್ನ ಹೆಬ್ಬೆರಳು ಸೀಳಿದ್ದೂ ಆಗಲೇ. ನಲವತ್ತು ವರ್ಷ ಜನರ ಮನೆಗಳಿಗೆ ಮೊಳೆ ಹೊಡೆದ ನನಗೆ, ಮೊಳೆ ಎಂದರೆ ಹೇಗಿರಬೇಕೆಂದು ತಾವು ತೋರಿಸಿಕೊಟ್ಟಿರಿ.

ಭಾನುವಾರ ಬೆಳಿಗ್ಗೆ ಕಿಟಕಿ ತೆರೆದರೆ ಮೊಣಕಾಲುದ್ದ ಹಿಮ. ಅಂಗಳದ ದಿಬ್ಬವನ್ನು ಅರ್ಧ ಏರಿದ ಕಾರು ಕ್ಷಣ ಯೋಚಿಸಿ, ಹಿಂದೆ ಜಾರಿ, ಹಬೆ ಸ್ನಾನದ ಮನೆ ಸೌನಾದ ಸೌದೆ ರಾಶಿಗೆ ಬೆನ್ನು ಕೊಟ್ಟು ಕುಳಿತಿತು. ಆಗ ನಾನು ಹಿಮದಲ್ಲಿ ಮೊಣಕಾಲೂರಿ ತಮ್ಮಲ್ಲಿ ಸಲ್ಲಿಸಿದ ಬಿನ್ನಹ ನೆನಪಿರಬಹುದು: ನಾನೂರ ಹನ್ನೊಂದು ಮಂದಿಯ ಕೆಲಸವನ್ನು ತಾವೊಬ್ಬರೇ ವಹಿಸಿಕೊಳ್ಳಬೇಕು, ಆಗದಿದ್ದಲ್ಲಿ ಡಬ್ಬಿಯಲ್ಲಿರುವವರಿಗೆ ತುರ್ತು ಸುತ್ತೋಲೆ ಕಳಿಸಿ ತಂತಮ್ಮ ತೂತುಗಳಿಗೆ ಮರಳುವಂತೆ ಆದೇಶಿಸಬೇಕು, ಅದೂ ಆಗದಿದ್ದಲ್ಲಿ ಹಿಲ್ಕಾ ಹೊರಗೆ ಬರುವಷ್ಟರಲ್ಲಿ ಮೇ ತಿಂಗಳು ಬರುವಂತೆ ಮಾಡಬೇಕು. ಮೇ ಬರಲಿಲ್ಲ.

ಬಂದವನು ಏವರ್ಟ್, ಹಿಮ ತಳ್ಳುವ ಟ್ರ್ಯಾಕ್ಟರಿನಲ್ಲಿ. ಅದರಲ್ಲಿ ಚಾಲಕನ ಪಕ್ಕ ಒಂದೇ ಒಂದು ಪುಟ್ಟ ಸೀಟು. ಹಿಲ್ಕಾ ನನ್ನನ್ನೂ ಸೀಟನ್ನೂ ನೋಡಿ, "ಅಂಗಿ ಹೋಗ್ಲೇಬೇಕು. ನೀನು ಹೋಗ್ಲೇಬೇಕಂತ ಏನಿಲ್ಲ" ಎಂದು ರೇಷ್ಮೆ ಲಂಗ ಎತ್ತಿ ಹಿಡಿದು ಹತ್ತಿ ಕುಳಿತಳು. ಅವಳನ್ನು ಹಾಗೆ ಕಳಿಸಿ ನಿಂತಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಚರ್ಚಿನಲ್ಲಿ ಕೇಳಿಸುವ ತನಕ ಮಗುವಿನ ಹೆಸರನ್ನು ತಂದೆತಾಯಿ ಯಾರಿಗೂ ಬಿಟ್ಟುಕೊಡುವುದಿಲ್ಲ, ಅದು ನಮ್ಮ ಪದ್ಧತಿ. ಮಧ್ಯಾಹ್ನ ಹಿಲ್ಕಾ ಫೋನು ಮಾಡಿ, ಅಂಗಿ ಸರಿಯಾಗಿ ಕೂತಿತೆಂದಳು. ಹೆಸರೇನೆಂದು ಕೇಳಿದೆ. "ಇಡೀ ಊರಿಗೆ ಗೊತ್ತಾಯ್ತು. ನಡ್ಕೊಂಡ್ ಬಾ, ಕೇಕು ಇನ್ನೂ ಇದೆ" ಎಂದು ಫೋನಿಟ್ಟಳು.

ನಡೆದೆ, ಒಂಬತ್ತು ಕಿಲೋಮೀಟರು. ಕೇಕು ಮುಗಿದಿತ್ತು, ಕುರ್ಚಿಗಳನ್ನು ಜೋಡಿಸಿಡುತ್ತಿದ್ದರು. ಮಗಳು ಸೈಲಾ ನನ್ನ ಒದ್ದೆ ಕೋಟು ಬಿಚ್ಚಿಸಿ, ನಿದ್ದೆಹೋಗಿದ್ದ ಮಗುವನ್ನು ತೋಳಿಗಿಟ್ಟು, ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದಳು. ಅದು ನನ್ನ ತಾಯಿಯ ಹೆಸರು. ನಾನು ಅತ್ತುಬಿಟ್ಟೆ. ಆ ಹೆಸರನ್ನು ತಮಗೆ ತಿಳಿಸುವುದಿಲ್ಲ ಮಾನ್ಯರೇ, ಅದು ನಡೆದು ಬಂದವರಿಗೆ ಮಾತ್ರ.

ಇಕ್ಕಳ ಕೆಳಗಿಟ್ಟ,
ತಮ್ಮ ವಿಶ್ವಾಸಿ,
ಔಲಿಸ್ ಪೀಪ್ಪೊ

ವಿ.ಸೂ.: ಹಿಲ್ಕಾ ನಿನ್ನೆ ನಾಲ್ಕು ಹೊಸ ಬೇಸಿಗೆ ಟೈರು ಕೊಂಡುತಂದಳು. ತಾವು ಟೈರಿನ ಸಮೇತ ಅಂಗಳದಲ್ಲಿ ಮಲಗಿ, ಒಳಗೆ ಮಣ್ಣು ತುಂಬಿಸಿಕೊಂಡು ಈರುಳ್ಳಿ ಬೆಳೆಯಲಿದ್ದೀರಿ. ಅಲ್ಲಿ ಎಷ್ಟು ಬೇಕಾದರೂ ಗಟ್ಟಿಯಾಗಿ ಹಿಡಿದುಕೊಳ್ಳಿ.