ಜಗಳವಾಡಿ ನೆಟ್ಟ ಮೆಣಸಿನ ಗಿಡ

ನಮ್ಮ ಚಿಕ್ಕಪ್ಪ ಹೆಂಡತಿಯ ಜೊತೆ ಜಗಳವಾಡುವುದು ಬೇಸಾಯಕ್ಕಾಗಿ ಎಂದರೆ ನೀವು ನಂಬುವುದಿಲ್ಲ. ನಾನೂ ಮೊದಲು ನಂಬಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಲ್ಲತ್ತಹಳ್ಳಿಯ ಅವರ ಮನೆಗೆ ಹೋದಾಗ ಚಿಕ್ಕಪ್ಪ ಸಸಿಗಳ ಟ್ರೇ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು.

"ಬೇಗ ಏನಾದ್ರೂ ಅನ್ನೇ, ಬಿಸಿಲೇರ್ತಾ ಇದೆ" ಎಂದರು.

ಚಿಕ್ಕಮ್ಮ ತಿರುಗಿಯೂ ನೋಡಲಿಲ್ಲ. "ಒಲಿ ಮ್ಯಾಲ ಹಾಲಿಟ್ಟೀನಿ. ಕಾಯಲಿ ತಡೀರಿ, ಆಮ್ಯಾಲ ಜಗಳಾ ಮಾಡೂಣು."

ಹಾಲು ಕಾಯಿತು. ಚಿಕ್ಕಮ್ಮ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು, "ನಿಮ್ಮಕ್ಕ ನನ್ನ ಇಳಕಲ್ ಸೀರಿ ಉಟ್ಕೊಂಡು ಹೋದಾಕಿ ಇನ್ನಾ ತಂದು ಕೊಟ್ಟಿಲ್ಲ. ಕೇಳೋ ಧೈರ್ಯಾ ಐತೇನು ನಿಮಗ?" ಎಂದರು. ಚಿಕ್ಕಪ್ಪನ ಮೂಗು ಕೆಂಪಾಯಿತು. "ನಮ್ಮಕ್ಕನ ಸುದ್ದಿಗೆ ಬರ್ಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ" ಎಂದು ಗದರಿದವರೇ, ಚಪ್ಪಲಿ ಮೆಟ್ಟಿಕೊಂಡು ಟ್ರೇ ಸಮೇತ ಬೀದಿಗಿಳಿದು ತೋಟದ ಕಡೆ ಹೊರಟರು. ಸಿಟ್ಟು ಆರುವುದರೊಳಗೆ ಸಸಿ ನೆಡಬೇಕಲ್ಲ! ಚಿಕ್ಕಮ್ಮ ಏನೂ ಆಗದವರಂತೆ ನನ್ನ ಕಡೆ ತಿರುಗಿ, "ಚಾ ಕುಡೀತಿ ಏನವಾ?" ಎಂದರು.

ಚಿಕ್ಕಪ್ಪನ ಸಿದ್ಧಾಂತ ಇಷ್ಟೇ: ಮೆಣಸಿನ ಸಸಿಯನ್ನು ಸಿಟ್ಟಿನಲ್ಲಿ ನೆಡಬೇಕು. ನೆಟ್ಟವರ ಸಿಟ್ಟೆಲ್ಲ ಬೇರಿನ ಮೂಲಕ ಕಾಯಿಗೆ ಇಳಿಯುತ್ತದೆ. "ನಗ್ತಾ ನೆಟ್ಟೋರಿಗೆ ದಪ್ಪ ಮೆಣಸಿನಕಾಯಿ ಬರುತ್ತೆ ಕಣೇ" ಎನ್ನುತ್ತಾರೆ. ಎರಡನೆಯದು, ಗಿಡಕ್ಕೆ ನೀರು ಹಾಕಬಾರದು. ಹಾಕಿದರೂ ತೀರ್ಥದ ಹಾಗೆ ಒಂದಿಷ್ಟು. "ಬಾಯಾರಿಕೆ ಆಗ್ಬೇಕು ಅದಕ್ಕೆ. ಹೊಟ್ಟೆ ತುಂಬಿದೋರಿಗೆ ಖಾರ ಎಲ್ಲಿಂದ ಬರುತ್ತೆ?" ಸಿದ್ಧಾಂತವೇನೋ ಸರಿ, ಆದರೆ ಸಿಟ್ಟು ಎಲ್ಲಿಂದ ತರುವುದು? ಜೀವಮಾನವಿಡೀ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದು ಒಬ್ಬ ಹುಡುಗನ ಕಿವಿಯನ್ನೂ ಹಿಂಡದವರು, ಸೊಳ್ಳೆ ಕಚ್ಚಿದರೆ ಊದಿ ಓಡಿಸುವವರು ನಮ್ಮ ಚಿಕ್ಕಪ್ಪ. ಅದಕ್ಕಾಗಿಯೇ ಸಿಟ್ಟಿನ ಸರಬರಾಜು ಚಿಕ್ಕಮ್ಮನ ಪಾಲಿಗೆ ಬಂದಿತ್ತು.

ಈ ಎಲ್ಲ ಅವಾಂತರಕ್ಕೆ ಮೂಲ ಅವರ ಮದುವೆ. ಚಿಕ್ಕಮ್ಮ ಲಿಂಗಸುಗೂರು ಕಡೆಯವರು. ಮದುವೆಯ ಮಾರನೆಯ ದಿನ ಬೀಗರ ಮನೆಯಲ್ಲಿ ಹೊಸ ಅಳಿಯನ ಎಲೆಗೆ ಕೆಂಪು ಖಾರದ ಚಟ್ನಿ ಬಡಿಸಿದರು. ಚಿಕ್ಕಪ್ಪನೋ, ಪೊಂಗಲ್‌ನಲ್ಲಿ ಒಂದು ಮೆಣಸಿನ ಕಾಳು ಸಿಕ್ಕರೂ ಬೆವರುವ ಬೆಂಗಳೂರಿನವರು. ಮಾವನವರ ಎದುರು ಮರ್ಯಾದೆಗೆ ಅಂಜಿ ಅದನ್ನು ರೊಟ್ಟಿಗೆ ಬಳಿದುಕೊಂಡು ನುಂಗಿಬಿಟ್ಟರು. ಆಮೇಲಿನದು ಆಲ್ಬಮ್ಮಿನಲ್ಲಿದೆ. ಹೆಣ್ಣು ಒಪ್ಪಿಸಿಕೊಡುವ ಫೋಟೋದಲ್ಲಿ ಮದುಮಗಳು ನಗುತ್ತಿದ್ದಾರೆ, ಮದುಮಗ ಟವೆಲ್ಲು ಹಿಡಿದುಕೊಂಡು ಅಳುತ್ತಿದ್ದಾರೆ!

ಸಾಲದ್ದಕ್ಕೆ, ಬೆಂಗಳೂರಿಗೆ ಬಂದ ಚಿಕ್ಕಮ್ಮ ನಮ್ಮಜ್ಜಿ ಮಾಡಿದ ಸಾರನ್ನು ಒಂದು ಗುಟುಕು ಕುಡಿದು, ಬಹಳ ವಿನಯದಿಂದ, "ಪಾಯಸಾ ಚಲೋ ಆಗೇತ್ರಿ ಅತ್ತಿ" ಎಂದರಂತೆ. ಆವತ್ತು ಚಿಕ್ಕಪ್ಪ ಶಪಥ ಮಾಡಿದರು. ಇವಳ ಬಾಯಲ್ಲಿ ಒಂದೇ ಒಂದು ಸಲ "ಖಾರ" ಅನ್ನಿಸದೆ ಬಿಡುವುದಿಲ್ಲ. ಕೂದಲು ಬೆಳ್ಳಗಾಯಿತು, ಹಲ್ಲು ಅಲ್ಲಾಡಿದವು, ಶಪಥ ಮಾತ್ರ ಗಟ್ಟಿಯಾಗಿ ಉಳಿಯಿತು. ಚಿಕ್ಕಮ್ಮ ಮಾತ್ರ ಆ ಒಂದು ಮಾತು ಬಿಟ್ಟು ಉಳಿದದ್ದೆಲ್ಲವನ್ನೂ ಅಂದರು.

ಚಿಕ್ಕಪ್ಪ ರಿಟೈರ್ ಆದ ಮೇಲೆ ಲೇಔಟಿನ ಸಂಘದವರು ಪಾರ್ಕಿನ ಪಕ್ಕದಲ್ಲಿ ಕಟ್ಟಡದ ಕಸ ಸುರಿಯುತ್ತಿದ್ದ ಸೈಟನ್ನು ಶುಚಿ ಮಾಡಿಸಿ, ಆಸಕ್ತಿ ಇದ್ದವರಿಗೆ ಒಂದೊಂದು ಪಾತಿ ಹಂಚಿದರು. ಮಂಚದಷ್ಟು ಅಗಲದ ಜಾಗ. ಉಳಿದವರೆಲ್ಲ ಮೆಂತ್ಯ, ಪುದೀನ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ ಹಾಕಿಕೊಂಡು ಸುಖವಾಗಿದ್ದರು. ಚಿಕ್ಕಪ್ಪ ಗುಂಟೂರಿನ ಬೀಜ ಹಾಕಿದರು. ಅದು ಚಿಕ್ಕಮ್ಮನಿಗೆ ಲೆಕ್ಕಕ್ಕೇ ಬರಲಿಲ್ಲ. ಸೂಜಿಮೆಣಸು ಹಾಕಿದರು. ಅದನ್ನು ಅವರು ಟೀವಿ ನೋಡುತ್ತಾ ಕಡಲೆಕಾಯಿ ಬೀಜದ ಜೊತೆ ತಿಂದು ಮುಗಿಸಿದರು. ಕೊನೆಗೆ ಅಸ್ಸಾಮಿನ ಆಚೆಯಿಂದ ನಾಗಾ ಮೆಣಸಿನ ಬೀಜ ತರಿಸಿದರು.

ಚಿಕ್ಕಪ್ಪ ತಾವೇ ರುಚಿ ನೋಡುವ ಹಾಗಿಲ್ಲವಲ್ಲ, ಆ ಹುದ್ದೆ ನನಗೆ ಸಿಕ್ಕಿತ್ತು. ಬಸವೇಶ್ವರನಗರದಿಂದ ನನ್ನನ್ನು ಫೋನು ಮಾಡಿ ಕರೆಸುತ್ತಿದ್ದರು. ಮೊದಲು ನಾನು, ಆಮೇಲೆ ಚಿಕ್ಕಮ್ಮ. ನಾಗಾ ಮೆಣಸು ಮೊದಲ ಸಲ ಬಿಟ್ಟಾಗ ಉಗುರಿನಷ್ಟು ಚೂರು ಬಾಯಿಗಿಟ್ಟೆ. ಕಿವಿಯೊಳಗೆ ಕುಕ್ಕರ್ ಕೂಗಿತು. ಬಿಕ್ಕಳಿಕೆ ಹತ್ತಿ, ಮೊಸರಿನ ಪಾತ್ರೆಯನ್ನೇ ಎತ್ತಿ ಕುಡಿದೆ. ಚಿಕ್ಕಪ್ಪ ನನ್ನ ಅವಸ್ಥೆ ನೋಡಿ ಆನಂದದಿಂದ ಕೈ ಉಜ್ಜಿಕೊಂಡರು. ಒಡಹುಟ್ಟಿದ ಅಣ್ಣನ ಮಗಳು ಸಾಯುತ್ತಿದ್ದರೆ ಯಾರಾದರೂ ಹೀಗೆ ನಗುತ್ತಾರೆಯೇ? ಆಮೇಲೆ ಚಿಕ್ಕಮ್ಮ ಬಂದರು, ಇಡೀ ಕಾಯಿಯನ್ನು ರೊಟ್ಟಿಗೆ ನಂಚಿಕೊಂಡು ತಿಂದರು. ಹಣೆಯ ಮೇಲೆ ಒಂದು ಹನಿ ಬೆವರು ಕಂಡಂತಾಯಿತು. ಚಿಕ್ಕಪ್ಪ ಉಸಿರು ಬಿಗಿಹಿಡಿದರು.

"ವಾಸನಿ ಚಂದ ಐತ್ರಿ" ಎಂದರು ಚಿಕ್ಕಮ್ಮ, ಇನ್ನೊಂದು ರೊಟ್ಟಿ ಹಾಕಿಕೊಳ್ಳುತ್ತಾ. "ಬೆವರು ಬಂದಿದೆಯಲ್ಲೇ" ಎಂದು ಚಿಕ್ಕಪ್ಪ ಕೇಳಿದರೆ, "ಫ್ಯಾನ್ ಹಾಕಿಲ್ಲಲ್ಲ" ಎಂದರು.

ಇದೆಲ್ಲ ಮನೆಯೊಳಗೆ ನಡೆದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಚಿಕ್ಕಮ್ಮ ಬೀದಿಗೆಲ್ಲ ದೃಷ್ಟಿ ತೆಗೆಯುವುದರಲ್ಲಿ ಹೆಸರಾದವರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿ ಆಗಿತ್ತು, ಈಗ ಹೋಯಿತು ಎಂದು ಅರ್ಥ. ಘಾಟು ಬಂದರೆ ದೃಷ್ಟಿ ಆಗಿಯೇ ಇಲ್ಲ. ಒಂದು ದಿನ ಸಂಘದ ಅಧ್ಯಕ್ಷರು ತಲೆಗೆ ಮಫ್ಲರು ಸುತ್ತಿಕೊಂಡು ಬಂದರು. "ಅಧ್ಯಕ್ಷ ಆದಾಗಿಂದ ಒಂದೇ ಸಮನೆ ತಲೆನೋವಮ್ಮ. ಜನಗಳ ಕಣ್ಣು ಅಂದ್ರೆ ಸುಮ್ನೇನಾ?" ಎಂದು ಕುರ್ಚಿಯಲ್ಲಿ ಕೂತರು. ಮನೆಯಲ್ಲಿ ಮಾಮೂಲಿ ಒಣಮೆಣಸಿನಕಾಯಿ ಮುಗಿದಿತ್ತು. ಚಿಕ್ಕಪ್ಪ ಉತ್ಸಾಹದಿಂದ ತಾರಸಿಯಲ್ಲಿ ಒಣಗಿಸಿದ್ದ ತಮ್ಮದನ್ನೇ ತಂದುಕೊಟ್ಟರು.

ಕೆಂಡಕ್ಕೆ ಬಿದ್ದದ್ದೇ ತಡ, ಘಾಟು ಎದ್ದಿತು. ಘಾಟೆಂದರೆ ಎಂಥ ಘಾಟು! ಅಧ್ಯಕ್ಷರು ಮಫ್ಲರು ಬಿಟ್ಟು, ಚಪ್ಪಲಿ ಬಿಟ್ಟು ಬೀದಿಗೆ ಓಡಿದರು. ಎದುರುಮನೆಯ ನಾಯಿ ಸೀನಿತು. ತರಕಾರಿ ಗಾಡಿಯವನು ಗಾಡಿ ಬಿಟ್ಟು ಪಾರ್ಕಿನೊಳಗೆ ಹೋದ. ಕೆಮ್ಮಿ ಕೆಮ್ಮಿ ಸುಸ್ತಾಗಿ ಕಟ್ಟೆಯ ಮೇಲೆ ಕೂತಿದ್ದ ಅಧ್ಯಕ್ಷರಿಗೆ ಚಿಕ್ಕಮ್ಮ ನೀರು ಕೊಟ್ಟು, ನೆರೆದ ಜನರ ಮುಂದೆಯೇ ಫಲಿತಾಂಶ ಹೇಳಿದರು. "ಇಷ್ಟು ಘಾಟು ಬಂತಂದ್ರ ನಿಮಗ ಯಾರ ಕಣ್ಣೂ ಬಿದ್ದಿಲ್ಲ ಬಿಡ್ರಿ. ನಿಮ್ಮನ್ನ ಯಾರೂ ನೋಡೇ ಇಲ್ಲ."

ಅಧ್ಯಕ್ಷರು ಘಾಟನ್ನಾದರೂ ಕ್ಷಮಿಸುತ್ತಿದ್ದರೋ ಏನೋ, ಈ ಮಾತನ್ನು ಕ್ಷಮಿಸಲಿಲ್ಲ. ಮುಂದಿನ ಮೀಟಿಂಗಿನಲ್ಲಿ ತೋಟದಲ್ಲಿ ಖಾರದ ಮೆಣಸು ನಿಷೇಧವಾಯಿತು. "ನೆಟ್ಟಿರೋದು ಮುಗಿಸ್ಕೊಳಿ ಮೇಷ್ಟ್ರೇ, ಆಮೇಲೆ ಕೊತ್ತಂಬರಿ ಹಾಕಿ" ಎಂದರು. ಪಾತಿಯಲ್ಲಿದ್ದದ್ದು ಚಿಕ್ಕಪ್ಪ ತಮ್ಮದೇ ಗಿಡದ ಬೀಜದಿಂದ ಎಬ್ಬಿಸಿದ ಹೊಸ ಸಸಿಗಳು. ಇಳಕಲ್ ಸೀರೆಯ ಸಿಟ್ಟಿನಲ್ಲಿ ನೆಟ್ಟವು. ಶಪಥಕ್ಕೆ ಉಳಿದದ್ದು ಅದೊಂದೇ ಬೆಳೆ.

ಆ ಬೆಳೆ ಹೂವಿಗೆ ಬಂದಾಗ ಚಿಕ್ಕಪ್ಪ ಗೊಬ್ಬರದ ಮೂಟೆ ಎತ್ತಲು ಹೋಗಿ ಹರ್ನಿಯಾ ಮಾಡಿಕೊಂಡರು. ಆಪರೇಷನ್ನು ಆಯಿತು. ಆಮೇಲೆ ಹೊಲಿಗೆ ಕೀವಾಗಿ, ಜ್ವರ ಬಂದು, ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಜ್ವರದಲ್ಲೂ ಅವರದು ಒಂದೇ ಬಡಬಡಿಕೆ. "ನೀರು ಹಾಕ್ಬೇಡ ಅಂತ ಅವಳಿಗೆ ಹೇಳು ಕಣೇ."

ಹೇಳಿದೆ. ಆಸ್ಪತ್ರೆಯಿಂದ ಚಿಕ್ಕಮ್ಮನನ್ನು ಸ್ಕೂಟರಿನಲ್ಲಿ ಮನೆಗೆ ಬಿಡಲು ಹೋದಾಗಲೆಲ್ಲ ಅವರು ತೋಟದ ಹತ್ತಿರ ಇಳಿದುಬಿಡುತ್ತಿದ್ದರು. ಆ ಪಾತಿಯ ಕಡೆ ತಲೆಹಾಕಿಯೂ ಮಲಗದಿದ್ದ ಹೆಂಗಸು ಈಗ ಬಕೆಟ್ಟುಗಟ್ಟಲೆ ನೀರು ಹೊತ್ತು ಹಾಕುತ್ತಿದ್ದರು. ಒಂದೊಂದು ಎಲೆಯನ್ನೂ ಸೆರಗಿನಿಂದ ಒರೆಸುತ್ತಿದ್ದರು. "ಕುಡೀರಿ, ಬಿಸಿಲು ಭಾಳ ಐತಿ" ಎಂದು ಗಿಡಗಳ ಜೊತೆ ಮಾತಾಡುತ್ತಿದ್ದರು.

"ಚಿಕ್ಕಮ್ಮಾ, ನೀರು ಹಾಕಿದ್ರೆ ಖಾರ ಬರಲ್ಲ ಅಂತಾರೆ ಚಿಕ್ಕಪ್ಪ" ಎಂದೆ.

ಅವರು ಬಕೆಟ್ಟು ಕೆಳಗಿಟ್ಟು ನನ್ನನ್ನು ನೋಡಿದರು. "ಅವ್ರು ಮನ್ಯಾಗಿಲ್ಲ. ಗಿಡಾನೂ ಒಣಗಿದ್ರ ನಾ ಯಾರ ಮಾರಿ ನೋಡ್ಲಿ?"

ನಾನು ಇನ್ನೊಂದು ಬಕೆಟ್ಟು ತುಂಬಿಸಿ ತಂದುಕೊಟ್ಟೆ.

ಚಿಕ್ಕಪ್ಪ ಇಳಿದುಹೋದ ಕೆನ್ನೆ ಹೊತ್ತು ಮನೆಗೆ ಬಂದಾಗ ಕಾಯಿ ಹಣ್ಣಾಗಿದ್ದವು. ಕೆಂಪಗೆ, ದಪ್ಪಗೆ, ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿದ್ದವು. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ಊಟದ ಮೇಜಿಗೆ ಬಂದು ಕೂತರು. ನಾನು ಪದ್ಧತಿಯಂತೆ ಕಾಯಿಗೆ ಕೈ ಹಾಕಿದರೆ ತಡೆದರು. "ಇದು ಕೊನೇದು. ಮೊದಲು ಅವಳೇ ತಿನ್ಲಿ" ಎಂದರು. ಅವರ ದನಿ ಎಷ್ಟು ಸಣ್ಣಗಾಗಿತ್ತೆಂದರೆ ನಾನು ತಮಾಷೆ ಮಾಡದೆ ತಟ್ಟೆಯನ್ನು ಚಿಕ್ಕಮ್ಮನ ಮುಂದೆ ಸರಿಸಿದೆ.

ಚಿಕ್ಕಮ್ಮ ರೊಟ್ಟಿ ಮುರಿದು, ಕಾಯಿ ಕಚ್ಚಿದರು. ಅಗಿದರು. ಅಗಿಯುವುದನ್ನು ನಿಲ್ಲಿಸಿ ಚಿಕ್ಕಪ್ಪನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ರೊಟ್ಟಿಯನ್ನು ತಟ್ಟೆಯಲ್ಲಿಟ್ಟು, ಬಾಯಿಗೆ ಸೆರಗು ಹಿಡಿದು, "ಉಸ್... ಖಾರ ಐತ್ರಿ" ಎಂದರು. ಕಣ್ಣಲ್ಲಿ ನೀರು ಬಂದಿತ್ತು.

ನಾನು ಬೆರಗಾಗಿ ಇನ್ನೊಂದು ಕಾಯಿ ತೆಗೆದು ಕಚ್ಚಿದೆ. ಶುದ್ಧ ಸೌತೆಕಾಯಿ! ಪಕ್ಕದ ಪಾತಿಯ ದಪ್ಪ ಮೆಣಸಿನ ಜೊತೆ ತಳಿ ಬೆರೆತಿತ್ತೋ, ಖಾರವೆಲ್ಲ ಬಕೆಟ್ಟಿನ ನೀರಿಗೆ ಕರಗಿತ್ತೋ, ಹಾಲು ಕುಡಿಯುವ ಮಗುವಿಗೂ ತಿನ್ನಿಸಬಹುದಿತ್ತು. ಚಿಕ್ಕಮ್ಮ ಸೆರಗಿನ ಮೇಲಿಂದ ನನ್ನತ್ತ ಒಂದು ನೋಟ ಬೀರಿದರು. ನಾನೂ "ಹಾ, ಹಾ" ಎಂದು ಬಾಯಿಗೆ ಗಾಳಿ ಹಾಕಿಕೊಂಡೆ.

ಚಿಕ್ಕಪ್ಪ ಹಿಗ್ಗುತ್ತಾರೆ, ಮೇಜು ಗುದ್ದುತ್ತಾರೆ ಎಂದುಕೊಂಡಿದ್ದೆ. ಅವರು ಸುಮ್ಮನೆ ಕೈ ಚಾಚಿ, ಚಿಕ್ಕಮ್ಮನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಕಾಯಿಯನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಮದುವೆಯ ಮಾರನೆಯ ದಿನದ ನಂತರ ಮೆಣಸಿನಕಾಯಿಯನ್ನು ನಾಲಗೆಗೆ ತಾಗಿಸದಿದ್ದ ಮನುಷ್ಯ! ತಡೆಯುವುದಕ್ಕೆ ನಮ್ಮಿಬ್ಬರಿಗೂ ಪುರುಸೊತ್ತು ಸಿಗಲಿಲ್ಲ. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದರು. ಪೊಂಗಲ್ಲಿಗೆ ಬೆವರುವ ಅವರ ಹಣೆ ಒಣಗಿಯೇ ಇತ್ತು. ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಮೇಜನ್ನು ನೋಡುತ್ತಿದ್ದರು.

ಚಿಕ್ಕಪ್ಪ ಕಣ್ಣು ತೆರೆದರು. ಬಕೆಟ್ಟು ಹೊತ್ತು ಬೊಬ್ಬೆ ಎದ್ದಿದ್ದ ಚಿಕ್ಕಮ್ಮನ ಅಂಗೈಯನ್ನು ನೋಡಿದರು.

"ಅಬ್ಬಾ" ಎಂದರು. "ಉಸ್... ಏನ್ ಖಾರ ಮಾರಾಯ್ತಿ ಇದು. ಹೆಂಗೆ ತಿಂದ್ಯೇ?"

"ನೀವ್ ಬೆಳದದ್ದು ಅಂತ ತಿಂದೆನ್ರಿ" ಎಂದರು ಚಿಕ್ಕಮ್ಮ.

ನಾನು ಎದ್ದು ಹೋಗಿ ನೀರು, ಬೆಲ್ಲ ತಂದಿಟ್ಟೆ. ಚಿಕ್ಕಪ್ಪ ಬೆಲ್ಲದ ಚೂರು ಮುರಿದು ಮೊದಲು ಚಿಕ್ಕಮ್ಮನ ಕೈಗೆ ಕೊಟ್ಟರು. ಸೌತೆಕಾಯಿಯಂಥ ಮೆಣಸಿನಕಾಯಿ ತಿಂದು ಮೂವರೂ ಕಣ್ಣೊರೆಸಿಕೊಳ್ಳುತ್ತಾ ಕೂತೆವು.